ದೂರದ ಗುರಿ: ಅಥೇನ್ಸಿನ ಬೆಳ್ಳಿ ಕಲಿಸುವ ಪಾಠ

ಕೈಗೆ ಬಂದ ಧನವನ್ನು ಇಂದಿನ ಸುಖಕ್ಕಾಗಿ ವೆಚ್ಚಮಾಡುವುದು ಸುಲಭ. ಕಣ್ಣಿಗೆ ಕಾಣದ ನಾಳೆಗಾಗಿ ಅದನ್ನು ತೊಡಗಿಸುವುದು ಕಷ್ಟ. ಈ ವಿವೇಕಕ್ಕೆ ಪುರಾತನ ಗ್ರೀಕರ ಯುದ್ಧಚರಿತ್ರೆಯಲ್ಲಿ ಒಂದು ಉತ್ತಮ ದೃಷ್ಟಾಂತವುಂಟು. ಅದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಬಯಸುತ್ತೇವೆ.

ಕ್ರಿ. ಪೂ. 490ರಲ್ಲಿ ಅಥೇನ್ಸಿನವರು ಮ್ಯಾರಥಾನ್ ಬಯಲಿನಲ್ಲಿ ಪಾರಸೀಕರ ದಂಡನ್ನು ಸೋಲಿಸಿದರು. ಅಪಾಯವು ಕಳೆಯಿತೆಂದು ಜನರು ನಿಶ್ಚಿಂತರಾದರು. ಥೆಮಿಸ್ಟೊಕ್ಲೀಸನೆಂಬ ಮುಖಂಡನಿಗೆ ಮಾತ್ರ ಅದು ಮುಂಬರುವ ಮಹಾಯುದ್ಧದ ಆರಂಭವಾಗಿ ತೋರಿತು. ಕ್ರಿ. ಪೂ. 483ರ ಸುಮಾರಿಗೆ ಲಾರಿಯಮ್ ಎಂಬಲ್ಲಿನ ಗಣಿಗಳಲ್ಲಿ ಬೆಳ್ಳಿಯು ಹೇರಳವಾಗಿ ದೊರೆಯಿತು. ಅದನ್ನು ತಲೆಗೆ 10 ದ್ರಾಕ್ಮ ನಾಣ್ಯಗಳಂತೆ ಪೌರರಿಗೆ ಹಂಚುವ ಆಲೋಚನೆ ನಡೆದಿತ್ತೆಂದು ಚರಿತ್ರಕಾರನಾದ ಹೆರೊಡೋಟಸನು ಬರೆದಿರುವನು. ಬಡವನ ಮನೆಗೆ ಅದು ಅಲ್ಪವಾದ ಮೊತ್ತವಲ್ಲ. ಆದರೂ ಥೆಮಿಸ್ಟೊಕ್ಲೀಸನು, ಹಂಚುವುದು ಬೇಡ, ಆ ಹಣದಿಂದ ಯುದ್ಧನೌಕೆಗಳನ್ನು ಕಟ್ಟಿಸೋಣವೆಂದು ವಾದಿಸಿದನು. ದೂರದ ಪಾರಸೀಕರ ಭಯವು ಜನರ ಮನಸ್ಸಿಗೆ ತಟ್ಟದೆಂದು ಅರಿತು, ನೆರೆಯ ಈಜಿನಾ ದ್ವೀಪದವರೊಡನೆ ಇದ್ದ ಹಗೆತನವನ್ನೇ ಕಾರಣವಾಗಿ ಮುಂದಿಟ್ಟನು. ಜನರು ಒಪ್ಪಿದರು.

ಹಡಗು ಕಟ್ಟಿದ ಮಾತ್ರಕ್ಕೆ ನೌಕಾಬಲವಾಗದು. ಒಂದೊಂದು ನೌಕೆಗೆ ಸುಮಾರು 170 ಮಂದಿ ಹುಟ್ಟುಹಾಕುವವರು ಬೇಕು; ಅವರೆಲ್ಲರ ಕೈಗಳೂ ಒಂದೇ ತಾಳದಲ್ಲಿ ಆಡಬೇಕು. ಅದು ದಿನದಿನದ ಅಭ್ಯಾಸದಿಂದಲ್ಲದೆ ಬರತಕ್ಕದ್ದಲ್ಲ.

ಕ್ರಿ. ಪೂ. 480ರಲ್ಲಿ ಕ್ಸೆರ್‌ಕ್ಸಸ್ ದೊರೆಯು ಮಹಾಸೈನ್ಯದೊಡನೆ ಬಂದನು. ಅಥೇನ್ಸಿನವರು ಊರನ್ನೇ ಬಿಟ್ಟರು. ಶತ್ರುಗಳು ಅದನ್ನು ಸುಟ್ಟರು. ಆದರೆ ಸಲಾಮಿಸ್ ದ್ವೀಪದ ಬಳಿಯ ಇಕ್ಕಟ್ಟಾದ ಜಲಸಂಧಿಯಲ್ಲಿ ಪಾರಸೀಕರ ದೊಡ್ಡ ನೌಕಾಪಡೆಯು ಒಂದಕ್ಕೊಂದು ತಾಗಿ ಗೊಂದಲಕ್ಕೀಡಾಗಿ ಸೋತುಹೋಯಿತು. ಅಂದು ಗ್ರೀಕರ ಹಡಗುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಥೇನ್ಸಿನವು. ಹಂಚಿಹೋಗದೆ ಉಳಿದ ಬೆಳ್ಳಿಯೇ ಊರು ಕಳೆದುಕೊಂಡ ಆ ಜನರನ್ನು ಕಾಪಾಡಿತು.

ಇದೇ ಕಥೆಯಲ್ಲಿ ಪ್ಲೂಟಾರ್ಕನು ಹೇಳುವ ಇನ್ನೊಂದು ಸಂಗತಿಯು ಉಪಾಧ್ಯಾಯಿನಿಯರಾದ ನಮಗೆ ಅತಿ ಪ್ರಿಯವಾದುದು. ಅಥೇನ್ಸಿನ ಸ್ತ್ರೀಯರೂ ಮಕ್ಕಳೂ ಟ್ರೋಯಿಜೆನ್ ಎಂಬ ಪಟ್ಟಣದಲ್ಲಿ ಆಶ್ರಯ ಪಡೆದಾಗ, ಅಲ್ಲಿಯವರು ಅವರ ಊಟದ ವೆಚ್ಚವನ್ನು ಕೊಟ್ಟುದಲ್ಲದೆ, ಮಕ್ಕಳು ಎಲ್ಲಿ ಬೇಕಾದರೂ ಹಣ್ಣು ಕೀಳಬಹುದೆಂದು ಅಪ್ಪಣೆಯಿತ್ತರು. ಅವರಿಗೆ ಪಾಠ ಹೇಳುವ ಉಪಾಧ್ಯಾಯರ ಸಂಬಳವನ್ನೂ ತಾವೇ ವಹಿಸಿಕೊಂಡರು. ಊರು ಉಳಿಯುವುದೋ ಅಳಿಯುವುದೋ ತಿಳಿಯದ ಹೊತ್ತಿನಲ್ಲಿಯೂ ಮಕ್ಕಳ ಪಾಠವು ನಿಲ್ಲಬಾರದೆಂದು ಎಣಿಸಿದ ಆ ಜನರ ದೂರದೃಷ್ಟಿಯು ಥೆಮಿಸ್ಟೊಕ್ಲೀಸನದಕ್ಕಿಂತ ಕಡಿಮೆಯೆಂದು ನಾವು ಹೇಳಲಾರೆವು.

ಪೋಷಕರೇ, ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮೇಲೆ ನಡುವರ್ಷದಲ್ಲಿಯೇ ಗೆರೆ ಎಳೆಯಬೇಕಾಗಿ ಬಂದಾಗ ನಮಗೆ ಈ ಬೆಳ್ಳಿಯ ನೆನಪಾಗುತ್ತದೆ. ತಮ್ಮತಂಗಿಯರನ್ನು ನೋಡಿಕೊಳ್ಳಲೆಂದೋ, ಮುಂದೆ ಮದುವೆಯ ಖರ್ಚಿಗೆ ನಾಲ್ಕು ಕಾಸು ಉಳಿಯಲೆಂದೋ ಹುಡುಗಿಯನ್ನು ಬಿಡಿಸಿಕೊಳ್ಳುತ್ತಾರೆ. ಮನೆಯ ಕಷ್ಟವು ಸುಳ್ಳಲ್ಲ. ಅಥೇನ್ಸಿನ ಬಡವನ ಕಷ್ಟವೂ ಸುಳ್ಳಾಗಿರಲಿಲ್ಲ. ಆದರೆ ಹಂಚಿಕೊಂಡ 10 ದ್ರಾಕ್ಮಗಳು ಎಷ್ಟು ದಿನ ಬಾಳುತ್ತಿದ್ದವು? ವಿದ್ಯೆಯಾದರೋ, ಗಂಡನ ರೋಗ, ಬೆಳೆಯ ನಷ್ಟ, ವೈಧವ್ಯ ಮೊದಲಾದ ವಿಪತ್ತು ಬಂದೊದಗಿದ ದಿನ ಆಕೆಗೂ ಆಕೆಯ ಮಕ್ಕಳಿಗೂ ಹಡಗಾಗುವುದು. ಆ ದಿನ ಬಂದ ಮೇಲೆ ಹಡಗು ಕಟ್ಟಲು ಹೊರಟರೆ ಕಾಲ ಸಾಲದು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಗುರಿಯು ಎಷ್ಟು ದೂರದ್ದಾದರೂ ಇಂದಿನ ಹುಟ್ಟನ್ನು ಇಂದೇ ಹಾಕಿರಿ. ನೆರೆಮನೆಯ ಹುಡುಗಿಯೊಬ್ಬಳು ಶಾಲೆ ಬಿಡುವಳೆಂದು ಕೇಳಿದಾಗ ಆಕೆಯ ತಾಯಿತಂದೆಗಳ ಬಳಿ ಹೋಗಿ ಎರಡು ಮಾತು ಹೇಳಿರಿ. ಥೆಮಿಸ್ಟೊಕ್ಲೀಸನಂತೆ, ಅವರ ಮನಸ್ಸಿಗೆ ಹತ್ತಿರವಾದ ಕಾರಣವನ್ನೇ ಹುಡುಕಿ ಹೇಳಿರಿ. ನಿಮ್ಮ ಮಾತಿನಿಂದ ಒಬ್ಬ ಹುಡುಗಿಯಾದರೂ ತರಗತಿಯಲ್ಲಿ ಉಳಿದರೆ ಈ ಬರಹವು ಸಾರ್ಥಕವಾಯಿತೆಂದು ಭಾವಿಸುವೆವು.