ಹಂಡೆ ನೀರು, ಹುಡುಗನ ಮೂರ್ಛೆ

ತಲೆಗೆ ಬಿಸಿನೀರು ಹೊಯ್ಯುವಾಗ ಮಗನ ದೃಷ್ಟಿ ನೆಟ್ಟು ಮಾತು ತೊದಲಿತೆಂದು ಬರೆದಿರುವ ತಾಯಿ ಇದನ್ನು ಗಾಳಿ-ಗ್ರಹವೆಂದು ಹೆದರಬೇಕಿಲ್ಲ. ಇದು ಬಿಸಿನೀರಿನ ಅಪಸ್ಮಾರ ಇರಬಹುದು.

ಹಂಡೆ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಳ್ಳುವ ದಕ್ಷಿಣ ಕರ್ನಾಟಕದಲ್ಲಿ ಈ ಕಾಯಿಲೆ ಅಪರೂಪವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲೇ ಇಂಥ 279 ಮಂದಿಯ ಅಧ್ಯಯನ ಪ್ರಕಟಿಸಿದ್ದರು. ಬೇರೆ ಹೊತ್ತಿನಲ್ಲಿ ತೆಗೆದ ಇಇಜಿ ಬಹಳಷ್ಟು ಜನರಲ್ಲಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ತಾಯಿ ಕಣ್ಣಾರೆ ಕಂಡದ್ದನ್ನು ವಿವರವಾಗಿ ಹೇಳುವುದೇ ರೋಗಪತ್ತೆಗೆ ದೊಡ್ಡ ಆಧಾರ.

ಮೂರ್ಛೆ ತಡೆಯಲು ಕೆಲವರಿಗೆ ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರಿನ ಸ್ನಾನವಷ್ಟೇ ಸಾಕು.

ಸಾಲದಿದ್ದರೆ ಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ; ಅದನ್ನು ನರರೋಗ ತಜ್ಞರೇ ನಿರ್ಧರಿಸಬೇಕು. ಅಲ್ಲಿಯವರೆಗೆ ಹುಡುಗ ಒಬ್ಬನೇ ಬಚ್ಚಲುಮನೆಯ ಚಿಲಕ ಹಾಕಿಕೊಳ್ಳದಂತೆ ಮನೆಯವರು ದಯವಿಟ್ಟು ನೋಡಿಕೊಳ್ಳಲಿ.