ಪರದೆಯ ಬಣ್ಣ ಮತ್ತು ಕಣ್ಣಿನ ಆರೈಕೆ

ಪುತ್ತೂರು, ಸುಳ್ಯ, ಕಡಬ ಕಡೆಯ ಅನೇಕ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುತ್ತಿದ್ದಾರೆ. 2020ರ ಕೊರೊನಾ ನಂತರ ಊರಿನ ಮನೆಯಲ್ಲೇ ಕುಳಿತು ಕೆಲಸ ಮಾಡುವವರೂ ಇದ್ದಾರೆ. "ಸಿಸ್ಟರ್, ಮಗ ಇಡೀ ದಿನ ಕಪ್ಪು ಪರದೆಯಲ್ಲಿ ಬಣ್ಣದ ಅಕ್ಷರ ನೋಡುತ್ತಾನೆ, ಕಣ್ಣು ಹಾಳಾಗದೇ?" ಎಂದು ತಾಯಂದಿರು ಕೇಳುವುದುಂಟು.

ಬಣ್ಣ ಏಕೆ?
ಪ್ರೋಗ್ರಾಂ ಬರೆಯುವಾಗ ಆಜ್ಞೆ, ಸಂಖ್ಯೆ, ಟಿಪ್ಪಣಿಗಳು ಬೇರೆ ಬೇರೆ ಬಣ್ಣದಲ್ಲಿ ಕಂಡರೆ ಓದಲು ಸುಲಭ, ತಪ್ಪು ಬೇಗ ತಿಳಿಯುತ್ತದೆ. ಈ ಬಣ್ಣಗಳ ಜೋಡಣೆಗೆ 'ಥೀಮ್' ಎನ್ನುತ್ತಾರೆ.

ಕಪ್ಪು ಒಳ್ಳೆಯದೋ, ಬಿಳಿಯೋ?
ಎಲ್ಲರಿಗೂ ಒಂದೇ ಉತ್ತರವಿಲ್ಲ. ಬಿಳಿ ಹಿನ್ನೆಲೆಯಲ್ಲಿ ಕಣ್ಣಿನ ಪಾಪೆ ಕಿರಿದಾಗಿ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಪಾಪೆ ಹಿಗ್ಗುತ್ತದೆ. ಆದ್ದರಿಂದ ಅಸ್ಟಿಗ್ಮ್ಯಾಟಿಸಂ ದೋಷವಿದ್ದವರಿಗೆ ಅಕ್ಷರದ ಅಂಚು ಮಸುಕಾಗಬಹುದು. ಕಣ್ಣಿನ ಪೊರೆ ಆರಂಭವಾದವರಿಗೆ ಬಿಳಿ ಪರದೆ ಕಣ್ಣು ಕುಕ್ಕುತ್ತದೆ, ಅವರಿಗೆ ಕಪ್ಪೇ ಹಿತ. ಕೆಂಪು-ಹಸಿರು ಭೇದ ತಿಳಿಯದವರು ಆ ಎರಡು ಬಣ್ಣಗಳನ್ನೇ ನಂಬಿದ ಥೀಮ್ ಬಳಸಬಾರದು. ಹಗಲಿನ ಬೆಳಕಿನಲ್ಲಿ ತಿಳಿ ಹಿನ್ನೆಲೆ, ರಾತ್ರಿ ಮಂದ ಹಿನ್ನೆಲೆ ಸಾಮಾನ್ಯವಾಗಿ ಅನುಕೂಲ.

ನಿಜವಾದ ಕಾರಣ ಯಾವುದು?
ಪರದೆಯ ಬೆಳಕು ಕಣ್ಣನ್ನು ಕೆಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಇದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಆಗ ಕಣ್ಣು ಒಣಗಿ ಉರಿಯುತ್ತದೆ.

ಹೀಗೆ ಮಾಡಿರಿ:
1. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿರಿ. ಜಗಲಿಯಿಂದ ಅಂಗಳದಾಚೆಯ ಅಡಿಕೆ ಮರ ನೋಡಿದರೂ ಸಾಕು.
2. ಪರದೆ ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ.
3. ಕತ್ತಲೆ ಕೋಣೆಯಲ್ಲಿ ಕೆಲಸ ಬೇಡ. ಕಿಟಕಿ ಪಕ್ಕಕ್ಕಿರಲಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ.
4. ಅಕ್ಷರ ದೊಡ್ಡದು ಮಾಡಿಕೊಳ್ಳಿರಿ. ನೆನಪಿಟ್ಟು ರೆಪ್ಪೆ ಬಡಿಯಿರಿ.
5. ಮಲಗುವ ಮೊದಲೇ ಪರದೆ ಮುಚ್ಚಿರಿ.

ಎಚ್ಚರಿಕೆ:
ತಲೆನೋವು ಬಂದಾಗಲೆಲ್ಲ ಥೀಮ್ ಬದಲಿಸುತ್ತಾ ತಿಂಗಳು ಕಳೆಯಬೇಡಿರಿ. ಬೇಕಾಗಿರುವುದು ಕನ್ನಡಕವೇ ಇರಬಹುದು. 40 ದಾಟಿದವರಿಗೆ ಹತ್ತಿರದ ದೃಷ್ಟಿ ಕುಗ್ಗುವುದು ಸಹಜ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು.

ಉರಿ ಎಂದು ಮೆಡಿಕಲ್‌ನಿಂದ ಸ್ವತಃ ಮದ್ದು ತಂದು ಬಿಡಬೇಡಿರಿ. ಸ್ಟೀರಾಯ್ಡ್ ಇರುವ ಹನಿಗಳನ್ನು ಬಹುಕಾಲ ಬಿಟ್ಟರೆ ಕಣ್ಣಿನ ಒತ್ತಡ ಏರಿ, ನರ ಕೆಟ್ಟು, ದೃಷ್ಟಿಯೇ ಹೋಗಬಹುದು. ಹೋದ ದೃಷ್ಟಿ ಮರಳಿ ಬಾರದು.

ಹಠಾತ್ ದೃಷ್ಟಿ ಮಂಜಾದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತೆ ಕಂಡರೆ, ಕೆಂಪಾಗಿ ನೋವಾದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ. ಬಣ್ಣ ನಿಮ್ಮ ಇಷ್ಟದ್ದಾಗಲಿ, ಚಿಕಿತ್ಸೆ ವೈದ್ಯರ ಸಲಹೆಯದಾಗಲಿ.