ಗಾಳಿಯ ಮೇಲೆ ನಿಂತ ಗಾಡಿ

ಬೈಸಿಕಲ್ಲಿನ ಚಕ್ರಕ್ಕೆ ಗಾಳಿ ತುಂಬಿದವರೆಲ್ಲರೂ ಎರಡು ಸಂಗತಿಗಳನ್ನು ಬಲ್ಲರು. ಪಂಪಿನ ಬಾಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ ಹಿಡಿಯನ್ನು ಕೆಳಕ್ಕೆ ಒತ್ತಿ ಬಿಟ್ಟರೆ ಅದು ತಾನಾಗಿ ಮೇಲಕ್ಕೆ ಪುಟಿಯುತ್ತದೆ. ಸ್ವಲ್ಪ ಹೊತ್ತು ಬಿಡದೆ ಪಂಪು ಹೊಡೆದರೆ ಅದರ ತಳಭಾಗ ಬಿಸಿಯಾಗುತ್ತದೆ. ಮೊದಲನೆಯದು ಗಾಳಿಯ ಸ್ಥಿತಿಸ್ಥಾಪಕ ಗುಣ. ಎರಡನೆಯದು ಗಾಳಿಯನ್ನು ಒತ್ತುವುದಕ್ಕೆ ನಾವು ತೆರುವ ಬೆಲೆ. ಕೆಲವು ಕಾರುಗಳು ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಯ ಮೇಲೆ ನಿಂತಿರುತ್ತವೆ. ಗುಂಡಿಯೊಂದನ್ನು ಒತ್ತಿದರೆ ಅವುಗಳ ಮೈ ನೆಲದಿಂದ ಮೇಲೇಳುತ್ತದೆ ಅಥವಾ ತಗ್ಗುತ್ತದೆ. ಈ ಏರ್ಪಾಡಿನ ಸುಖವೂ ಅದರ ಕೇಡೂ ಮೇಲ್ಕಂಡ ಎರಡು ಸಂಗತಿಗಳಲ್ಲಿಯೇ ಅಡಗಿವೆ. ಇಂಥ ಗಾಡಿಯನ್ನು ದಿನವೂ ಬಳಸಬೇಕು, ಅದು ಬೇಗನೆ ಕೆಡಲೂಬಾರದು ಎಂದರೆ ಏನು ಮಾಡಬೇಕು? ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿರುವ ಕೆಲವು ನಿಯಮಗಳೇ ಇದಕ್ಕೆ ಉತ್ತರ ಹೇಳಬಲ್ಲವು.

ಬಸ್ಸಿನಲ್ಲಿ ಬಾಳಿತು, ಕಾರಿನಲ್ಲಿ ಸೋತಿತು

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ೧೯೫೪ರಲ್ಲಿ ಅಮೆರಿಕದ ಗ್ರೇಹೌಂಡ್ ಸಂಸ್ಥೆ ಓಡಿಸತೊಡಗಿದ ಸೀನಿಕ್ರೂಸರ್ ಬಸ್ಸುಗಳು ಗಾಳಿಯ ಸಸ್ಪೆನ್ಷನ್ ಉಳ್ಳವಾಗಿದ್ದವು. ಬಸ್ಸುಗಳಲ್ಲಿ ಈ ಏರ್ಪಾಡು ಬೇರೂರಿತು. ೨೦೦೧ರಲ್ಲಿ ಭಾರತಕ್ಕೆ ಬಂದ ವೋಲ್ವೊ ಬಸ್ಸುಗಳಲ್ಲಿಯೂ ಇದೇ ಏರ್ಪಾಡು ಇದ್ದುದರಿಂದ, ಕರ್ನಾಟಕದ ವೋಲ್ವೊ ಐರಾವತ ಬಸ್ಸುಗಳಲ್ಲಿ ಪಯಣಿಸಿದವರು ಇದರ ಸುಖವನ್ನು ಸ್ವತಃ ಅನುಭವಿಸಿದ್ದಾರೆ.

ಕಾರಿನ ಕಥೆ ಬೇರೆ. ೧೯೫೭ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಎಂಬ ಬಹು ದುಬಾರಿ ಕಾರಿನಲ್ಲಿ ಗಾಳಿಯ ಸಸ್ಪೆನ್ಷನ್ ಅಳವಡಿಸಿದರು. ಮರುವರ್ಷ ಸಾಮಾನ್ಯ ಜನರು ಕೊಳ್ಳುವ ಷೆವ್ರೊಲೆಯಲ್ಲಿಯೂ, ಬೇಕೆಂದವರಿಗೆ ಅದು ದೊರೆಯಿತು. ಆದರೆ ಗಾಳಿ ಸೋರತೊಡಗಿತು. ಅನೇಕ ಮಾಲೀಕರು ಅದನ್ನು ತೆಗೆಸಿ ಉಕ್ಕಿನ ಸುರುಳಿ ಸ್ಪ್ರಿಂಗುಗಳನ್ನು ಹಾಕಿಸಿಕೊಂಡರು. ಬಸ್ಸಿನಲ್ಲಿ ಬಾಳಿದ ಏರ್ಪಾಡು ಕಾರಿನಲ್ಲಿ ಸೋತಿತು. ಮುಂದೆ ೧೯೮೪ರ ಲಿಂಕನ್ ಕಾರಿನಲ್ಲಿಯೂ, ೧೯೯೨ರಿಂದ ರೇಂಜ್ ರೋವರ್ ಗಾಡಿಗಳಲ್ಲಿಯೂ ವಿದ್ಯುನ್ಮಾನದ ಹಿಡಿತಕ್ಕೆ ಒಳಪಟ್ಟು ಅದು ಮರಳಿ ಬಂದಿತು.

ಈ ಭೇದವನ್ನು ಗಮನಿಸಬೇಕು. ಬಸ್ಸಿಗೆ ಗಾಳಿಯ ಬ್ರೇಕುಗಳಿಗಾಗಿ ಹೇಗೂ ಎಂಜಿನ್ನೇ ನಡೆಸುವ ದೊಡ್ಡ ಕಂಪ್ರೆಸರ್ ಇರುತ್ತದೆ, ದೊಡ್ಡ ಗಾಳಿತೊಟ್ಟಿಯಿರುತ್ತದೆ, ಡಿಪೋದಲ್ಲಿ ಅದನ್ನು ನೋಡಿಕೊಳ್ಳುವ ಕೆಲಸಗಾರರಿರುತ್ತಾರೆ. ಈಗಿನ ಕಾರಿನಲ್ಲಾದರೋ ವಿದ್ಯುತ್ತಿನಿಂದ ಓಡುವ ಅಂಗೈಯಗಲದ ಕಂಪ್ರೆಸರ್ ಇರುತ್ತದೆ. ಸ್ವಲ್ಪ ಹೊತ್ತು ಓಡಿ ಬಹಳ ಹೊತ್ತು ವಿಶ್ರಮಿಸುವುದು ಅದರ ಧರ್ಮ. ಆ ವಿಶ್ರಾಂತಿಯನ್ನು ಕಸಿದುಕೊಳ್ಳದಿರುವುದೇ ಈ ಸಸ್ಪೆನ್ಷನ್ನಿನ ಬಾಳಿಕೆಯ ಗುಟ್ಟು.

ಉಕ್ಕಿಗಿಂತ ಗಾಳಿ ಹೇಗೆ ಮೇಲು?

ಪ್ರತಿಯೊಂದು ಚಕ್ರದ ಬಳಿಯಲ್ಲಿಯೂ ನೂಲುಪದರವನ್ನು ಒಳಗೊಂಡ ರಬ್ಬರಿನ ಗಾಳಿಚೀಲವೊಂದಿದೆ. ಚಕ್ರದ ಪಾಲಿಗೆ ಬರುವ ಭಾರ ೪೦೦ ಕಿಲೋಗ್ರಾಂ, ಚೀಲದ ಒತ್ತಡ ಹೊರುವ ಅಡ್ಡಕೊಯ್ತದ ಕ್ಷೇತ್ರ ೧೦೦ ಚದರ ಸೆಂಟಿಮೀಟರ್, ಅದರೊಳಗಿನ ಗಾಳಿಯ ಗಾತ್ರ ೩ ಲೀಟರ್ ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಚೀಲವು ಚಕ್ರದ ನೆತ್ತಿಯ ಮೇಲೆಯೇ ಇದೆಯೆಂದೂ ಭಾವಿಸೋಣ. ಭಾರವನ್ನು ಕ್ಷೇತ್ರದಿಂದ ಭಾಗಿಸಿದರೆ, ಹೊರಗಿನ ಒತ್ತಡಕ್ಕಿಂತ ಸುಮಾರು ೩.೯ ವಾಯುಮಂಡಲದಷ್ಟು ಹೆಚ್ಚಿನ ಒತ್ತಡ ಚೀಲದಲ್ಲಿರಬೇಕೆಂದು ತಿಳಿಯುತ್ತದೆ. ಹೊರಗಿನದನ್ನೂ ಕೂಡಿಸಿದರೆ ನಿಜವಾದ ಒತ್ತಡ ೪.೯ ವಾಯುಮಂಡಲ. ಇಂಥ ಚೀಲದ ಮೇಲೆ ಗಾಡಿ ಸೆಕೆಂಡಿಗೆ ಸುಮಾರು ೧.೨ ಸಲ ಮೆಲ್ಲಗೆ ತೂಗುತ್ತದೆ.

ಈಗ ಆ ಚಕ್ರದ ಪಾಲಿಗೆ ಇನ್ನೂ ೧೦೦ ಕಿಲೋಗ್ರಾಂ ಭಾರ ಬಂದಿತೆನ್ನಿ. ಇಷ್ಟೇ ಬಿಗುವುಳ್ಳ ಉಕ್ಕಿನ ಸ್ಪ್ರಿಂಗಾಗಿದ್ದರೆ ಅದು ೪ ಸೆಂಟಿಮೀಟರಿಗಿಂತ ಹೆಚ್ಚಾಗಿ ಕುಗ್ಗಿ ಹಾಗೆಯೇ ನಿಲ್ಲುತ್ತಿತ್ತು. ತೂಗಾಟವೂ ಸೆಕೆಂಡಿಗೆ ಸುಮಾರು ೧.೧ಕ್ಕೆ ಇಳಿಯುತ್ತಿತ್ತು. ಗಾಳಿಯ ಏರ್ಪಾಡಿನಲ್ಲಿ ಎತ್ತರವನ್ನು ಅಳೆಯುವ ಸಾಧನ ಈ ತಗ್ಗನ್ನು ಕಂಡುಹಿಡಿದು ಕಂಪ್ರೆಸರನ್ನು ಎಚ್ಚರಿಸುತ್ತದೆ. ಚೀಲಕ್ಕೆ ಗಾಳಿ ಸೇರಿ ಗಾಡಿ ಮೊದಲಿನ ಎತ್ತರಕ್ಕೇ ಬರುತ್ತದೆ. ಗಾತ್ರ ಮೊದಲಿನಷ್ಟೇ, ಒತ್ತಡ ಮಾತ್ರ ೫.೮ ವಾಯುಮಂಡಲ. ಒತ್ತಡ ಹೆಚ್ಚಿದಂತೆ ಗಾಳಿಯ ಬಿಗುವೂ ಹೆಚ್ಚುವುದರಿಂದ ತೂಗಾಟ ಹೆಚ್ಚುಕಡಮೆ ಮೊದಲಿನಂತೆಯೇ ಉಳಿಯುತ್ತದೆ. ಒಬ್ಬನೇ ಕುಳಿತರೂ ಸಂಸಾರವೆಲ್ಲ ಕುಳಿತರೂ ಗಾಡಿಯ ನಡೆ ಒಂದೇ ಬಗೆ. ಇದೇ ಗಾಳಿಯ ಹಿರಿಮೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸಬೇಕು. ರಸ್ತೆಯ ಪ್ರತಿಯೊಂದು ಕುಲುಕಿಗೂ ಕಂಪ್ರೆಸರ್ ಓಡುವುದಿಲ್ಲ. ಹಳ್ಳದಿಣ್ಣೆಗಳಲ್ಲಿ ಚೀಲದೊಳಗಿನ ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ಕವಾಟ ಮುಚ್ಚಿರುವುದರಿಂದ ಹೊರಗೆ ಹೋಗುವುದಿಲ್ಲ. ಆದುದರಿಂದ ದಿನವೂ ಗಾಡಿಯನ್ನು ಓಡಿಸಿದ ಮಾತ್ರಕ್ಕೆ ಕಂಪ್ರೆಸರ್ ಸವೆಯದು. ಅದನ್ನು ಸವೆಸುವವು ಎರಡೇ: ನಾವು ಆಗಾಗ್ಗೆ ಗಾಡಿಯನ್ನು ಏರಿಳಿಸುವುದು ಮತ್ತು ಗಾಳಿಯ ಸೋರಿಕೆ.

ಏರಿಸುವುದರ ಬೆಲೆ

ಗಾಡಿಯನ್ನು ೫ ಸೆಂಟಿಮೀಟರ್ ಎತ್ತಬೇಕಾದರೆ ಪ್ರತಿ ಚೀಲದ ಗಾತ್ರ ಅರ್ಧ ಲೀಟರ್ ಹೆಚ್ಚಬೇಕು. ಆ ಅರ್ಧ ಲೀಟರಿನಲ್ಲಿರುವುದು ೪.೯ ವಾಯುಮಂಡಲದ ಗಾಳಿ. ಎಂದರೆ ಹೊರಗಿನ ಗಾಳಿಯ ಲೆಕ್ಕದಲ್ಲಿ ಸುಮಾರು ಎರಡೂವರೆ ಲೀಟರ್. ನಾಲ್ಕು ಚಕ್ರಗಳಿಗೆ ಸುಮಾರು ೧೦ ಲೀಟರ್. ಗಾಡಿಯನ್ನು ಮತ್ತೆ ಇಳಿಸಿದಾಗ ಇದಷ್ಟೂ ಹೊರಕ್ಕೆ ಹೋಗುತ್ತದೆ. ಹೀಗೆ ಗೆಳೆಯರಿಗೆ ತೋರಿಸುವುದಕ್ಕಾಗಿ ಹತ್ತು ಸಲ ಏರಿಳಿಸಿದರೆ ೧೦೦ ಲೀಟರ್ ಗಾಳಿಯನ್ನು ಆ ಸಣ್ಣ ಯಂತ್ರದಿಂದ ಒತ್ತಿಸಿದಂತಾಯಿತು.

ಈಗ ಬೈಸಿಕಲ್ ಪಂಪಿನ ಬಿಸಿಯನ್ನು ನೆನೆಯಿರಿ. ೨೭ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು, ಶಾಖವು ಹೊರಹೋಗದಂತೆ, ೪.೯ ವಾಯುಮಂಡಲಕ್ಕೆ ಒತ್ತಿದರೆ ಅದರ ಉಷ್ಣತೆ ಹೆಚ್ಚುಕಡಮೆ ೨೦೦ ಡಿಗ್ರಿಗೆ ಏರುತ್ತದೆ. ವಾಸ್ತವದಲ್ಲಿ ಈ ಶಾಖದ ಒಂದು ಪಾಲು ಯಂತ್ರದ ಗೋಡೆಗಳಿಗೆ ಹರಿಯುತ್ತದೆ. ಆಗಾಗ ಬಿಡುವಿದ್ದರೆ ಗೋಡೆಗಳು ತಣಿಯುತ್ತವೆ. ಇಲ್ಲದಿದ್ದರೆ ಆಡುಬಿಲ್ಲೆಯ ಸುತ್ತಲಿನ ಬಳೆ ಸವೆಯುತ್ತದೆ, ಗಾಳಿಯನ್ನು ಒತ್ತುವ ಸಾಮರ್ಥ್ಯ ಕುಗ್ಗುತ್ತದೆ. ಆಗ ಅಷ್ಟೇ ಕೆಲಸಕ್ಕೆ ಯಂತ್ರ ಇನ್ನೂ ಹೆಚ್ಚು ಹೊತ್ತು ಓಡಬೇಕು, ಇನ್ನೂ ಹೆಚ್ಚು ಬಿಸಿಯಾಗಬೇಕು. ಅತಿಯಾಗಿ ಬಿಸಿಯಾದಾಗ ತಾನೇ ನಿಲ್ಲುವ ಏರ್ಪಾಡು ಅನೇಕ ಕಾರುಗಳಲ್ಲಿದೆ. ಹಾಗೆ ನಿಂತಾಗ ಕೆಟ್ಟಿತೆಂದು ಮತ್ತೆ ಮತ್ತೆ ಗುಂಡಿ ಒತ್ತದೆ ಸ್ವಲ್ಪ ಹೊತ್ತು ಸುಮ್ಮನಿರುವುದು ಲೇಸು.

ಗಾಳಿಯೊಡನೆ ಬರುವ ನೀರು

ಹೊರಗಿನ ಗಾಳಿಯಲ್ಲಿ ನೀರಿನ ಆವಿಯೂ ಇರುತ್ತದೆ. ೨೭ ಡಿಗ್ರಿಯಲ್ಲಿ ಒಂದು ಘನ ಮೀಟರ್ ಸ್ಥಳವು ಹೆಚ್ಚೆಂದರೆ ಸುಮಾರು ೨೬ ಗ್ರಾಂ ಆವಿಯನ್ನು ಹಿಡಿಯಬಲ್ಲುದು. ಸಾಪೇಕ್ಷ ಆರ್ದ್ರತೆ ನೂರಕ್ಕೆ ೬೦ ಇದ್ದರೆ ಇರುವ ಆವಿ ಸುಮಾರು ೧೫.೫ ಗ್ರಾಂ. ಆ ಗಾಳಿಯನ್ನು ೪.೯ರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಮತ್ತೆ ೨೭ ಡಿಗ್ರಿಗೆ ತಣಿಸಿದರೆ, ಆ ಕಿರಿದಾದ ಸ್ಥಳದಲ್ಲಿ ೫.೩ ಗ್ರಾಂ ಆವಿಗೆ ಮಾತ್ರ ಎಡೆ. ಉಳಿದ ೧೦ ಗ್ರಾಂ, ಎಂದರೆ ಮೂರರಲ್ಲಿ ಎರಡು ಪಾಲು, ನೀರಾಗಲೇಬೇಕು. ಈ ನೀರು ಕವಾಟಗಳನ್ನು ತುಕ್ಕುಹಿಡಿಸುತ್ತದೆ. ಶೀತದೇಶಗಳಲ್ಲಿ ಹೆಪ್ಪುಗಟ್ಟಿ ಅವುಗಳನ್ನು ಬಿಗಿದುಬಿಡುತ್ತದೆ.

ಇದನ್ನು ತಡೆಯಲು ಕಂಪ್ರೆಸರಿನ ಮುಂದೆ ತೇವ ಹೀರುವ ಹರಳುಗಳ ಡಬ್ಬಿಯೊಂದನ್ನು ಇಡುತ್ತಾರೆ. ಇದರ ಜಾಣ್ಮೆ ಮೆಚ್ಚತಕ್ಕದ್ದು. ಒಳಕ್ಕೆ ಹೋಗುವ ಗಾಳಿ ತನ್ನ ತೇವವನ್ನು ಹರಳುಗಳಿಗೆ ಕೊಟ್ಟು ಹೋಗುತ್ತದೆ. ಗಾಡಿಯನ್ನು ಇಳಿಸಿದಾಗ ಅದೇ ಒಣ ಗಾಳಿ ಡಬ್ಬಿಯ ಮೂಲಕವೇ ಹಿಂತಿರುಗಿ, ಒತ್ತಡ ಕಳೆದುಕೊಂಡು ಹಿಗ್ಗಿ, ಆ ತೇವವನ್ನು ಹೊತ್ತುಕೊಂಡು ಹೊರಬೀಳುತ್ತದೆ. ಹೀಗೆ ಹರಳುಗಳು ಮತ್ತೆ ಒಣಗುತ್ತವೆ.

ಸೋರಿಕೆಯೆಂಬ ಶತ್ರು

ಚೀಲದಲ್ಲಿ ಸೂಜಿಯ ಮೊನೆಯಷ್ಟು ಬಿರುಕು ಬಿಟ್ಟಿತೆನ್ನಿ. ಹೋದ ಗಾಳಿಯನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಬೇಕು. ಆದರೆ ಈ ಗಾಳಿ ಬಿರುಕಿನಿಂದ ಹೋಗುತ್ತದೆಯೇ ಹೊರತು ಡಬ್ಬಿಯ ಮೂಲಕ ಮರಳುವುದಿಲ್ಲ. ಹರಳುಗಳಿಗೆ ತೇವ ಬರುತ್ತಲೇ ಇರುತ್ತದೆ, ಹೋಗುವುದೇ ಇಲ್ಲ. ಕೊನೆಗೆ ಅವು ನೆನೆದು ಸೋಲುತ್ತವೆ. ನೀರು ಕವಾಟಗಳನ್ನು ತಲಪುತ್ತದೆ. ಬಿಡುವಿಲ್ಲದ ಯಂತ್ರ ಬಿಸಿಯಾಗಿ ಕೆಡುತ್ತದೆ. ಸೋರುವ ಚೀಲವನ್ನು ಹಾಗೆಯೇ ಬಿಟ್ಟು ಕಂಪ್ರೆಸರನ್ನು ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ರೋಗವನ್ನು ಬಿಟ್ಟು ರೋಗಲಕ್ಷಣಕ್ಕೆ ಮದ್ದು ಮಾಡಿದಂತೆ.

ಸೋರಿಕೆಯನ್ನು ಕಂಡುಹಿಡಿಯುವುದು ಹೇಗೆ? ಒತ್ತಡಮಾಪಕವನ್ನು ನೋಡಿದರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಲದು. ಚೀಲ ಹೊರುವ ಭಾರ ಬದಲಾಗಿಲ್ಲ. ಆದುದರಿಂದ ಅದರ ಒತ್ತಡವೂ ಹೆಚ್ಚಾಗಿ ಬದಲಾಗದು. ಗಾಳಿ ಹೋದಂತೆ ಕಡಮೆಯಾಗುವುದು ಗಾತ್ರ, ಅದರಿಂದಾಗಿ ಎತ್ತರ. ಮಾಪಕಕ್ಕೆ ಕಾಣದ ಸೋರಿಕೆ ಅಳತೆಪಟ್ಟಿಗೆ ಕಾಣುತ್ತದೆ. ಸಂಜೆ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿಗೆ ಎಷ್ಟು ದೂರವೆಂದು ಅಳೆದು ಬರೆದಿಡಿ. ಬೆಳಗ್ಗೆ, ಬಾಗಿಲು ತೆರೆಯುವುದಕ್ಕೆ ಮುಂಚೆ, ಮತ್ತೆ ಅಳೆಯಿರಿ.

ಆದರೆ ಅವಸರದ ತೀರ್ಮಾನ ಬೇಡ. ಸಂಜೆ ೩೫ ಡಿಗ್ರಿಯಿದ್ದ ಗಾಳಿ ಬೆಳಗ್ಗೆ ೨೦ ಡಿಗ್ರಿಗೆ ತಣಿದರೆ, ಚಾರ್ಲ್ಸನ ನಿಯಮದಂತೆ ಅದರ ಗಾತ್ರ ನೂರಕ್ಕೆ ಐದರಷ್ಟು ಕುಗ್ಗುತ್ತದೆ. ನಮ್ಮ ೩ ಲೀಟರಿನ ಚೀಲದಲ್ಲಿ ಇದರಿಂದಲೇ ಗಾಡಿ ಸುಮಾರು ಒಂದೂವರೆ ಸೆಂಟಿಮೀಟರ್ ತಗ್ಗುತ್ತದೆ. ನಾಲ್ಕು ಮೂಲೆಗಳೂ ಹೆಚ್ಚುಕಡಮೆ ಸಮನಾಗಿ ಸ್ವಲ್ಪ ತಗ್ಗಿದ್ದರೆ ಅದು ಚಳಿಯ ಕೆಲಸವಿರಬಹುದು. ಒಂದು ಮೂಲೆ ಮಾತ್ರ ಕುಸಿದಿದ್ದರೆ ಸೋರಿಕೆಯನ್ನು ಶಂಕಿಸಬೇಕು. ಆಗ ಸೈಕಲ್ ಷಾಪಿನ ಹಳೆಯ ಉಪಾಯವೇ ಗತಿ: ಕೀಲುಗಳ ಮೇಲೂ, ಚೀಲದ ಕಣ್ಣಿಗೆ ಬೀಳುವ ಭಾಗದ ಮೇಲೂ ಸಾಬೂನಿನ ನೀರು ಸವರಿ ಗುಳ್ಳೆಗಳನ್ನು ಹುಡುಕುವುದು.

ದಿನಬಳಕೆಯಲ್ಲಿ ಪಾಲಿಸತಕ್ಕ ನಿಯಮಗಳು

ಮೇಲಿನ ವಿವೇಚನೆಯಿಂದ ನಿಯಮಗಳು ತಾವಾಗಿಯೇ ಹೊರಡುತ್ತವೆ. ಗಾಡಿಯನ್ನು ತಯಾರಕರು ಗೊತ್ತುಮಾಡಿದ ಸಾಮಾನ್ಯ ಎತ್ತರದಲ್ಲಿಯೇ ಓಡಿಸಬೇಕು. ಕೆಟ್ಟ ರಸ್ತೆಯಲ್ಲಿ ಎತ್ತಿದರೆ ನಿಧಾನವಾಗಿ ಸಾಗಿ, ರಸ್ತೆ ಸರಿಹೋದೊಡನೆ ಇಳಿಸಬೇಕು. ಎತ್ತರದಲ್ಲಿಯೇ ಓಡಿಸುತ್ತಿದ್ದರೆ ಚಕ್ರಕ್ಕೆ ಶಕ್ತಿಯನ್ನು ಒಯ್ಯುವ ದಂಡದ ಕೀಲುಗಳು ಓರೆಯಾಗಿ ತಿರುಗಿ ಸವೆಯುತ್ತವೆ. ಬಹಳ ತಗ್ಗಿಸಿ ಓಡಿಸಿದರೆ ಟೈರುಗಳ ಒಳ ಅಂಚು ಸವೆಯುತ್ತದೆ, ಚೀಲದ ಮಡಿಕೆಗಳು ಒಂದನ್ನೊಂದು ಉಜ್ಜುತ್ತವೆ. ಗಾಳಿ ಪೂರ್ತಿ ಹೋದ ಚೀಲದ ಮೇಲಂತೂ ಗಾಡಿಯನ್ನು ನಡೆಸಲೇಬಾರದು. ರಬ್ಬರು ಲೋಹಗಳ ನಡುವೆ ಸಿಕ್ಕಿ ಹರಿಯುತ್ತದೆ.

ಮಣ್ಣು ಮರಳು ಮಡಿಕೆಯಲ್ಲಿ ಸೇರಿದರೆ ಅರದಂತೆ ಕೊರೆಯುತ್ತವೆ. ಕೆಸರಿನಲ್ಲಿ ಓಡಿಸಿದ ಮೇಲೆ ಚೀಲಗಳನ್ನು ನೀರಿನಿಂದ ತೊಳೆಯಬೇಕು. ಪೆಟ್ರೋಲ್, ಎಣ್ಣೆಗಳನ್ನು ರಬ್ಬರಿಗೆ ಸೋಕಿಸಬಾರದು. ಗಾಡಿ ಕುಲುಕತೊಡಗಿದರೆ ಚೀಲವನ್ನು ದೂರುವ ಮೊದಲು ಷಾಕ್ ಅಬ್ಸಾರ್ಬರುಗಳನ್ನು ಪರೀಕ್ಷಿಸಬೇಕು. ಚೀಲವು ಶಕ್ತಿಯನ್ನು ಕೂಡಿಟ್ಟು ಹಿಂತಿರುಗಿಸುತ್ತದೆಯೇ ಹೊರತು ತೂಗಾಟವನ್ನು ಅಡಗಿಸುವುದು ಅದರ ಕೆಲಸವಲ್ಲ. ಕಂಪ್ರೆಸರ್ ಬದಲಿಸುವಾಗ ತೇವ ಹೀರುವ ಹರಳುಗಳನ್ನೂ ಹೊಸದಾಗಿ ಹಾಕಿಸಬೇಕು. ಹೊರಗಿನಿಂದ ತಂದು ಅಳವಡಿಸಿದ ಏರ್ಪಾಡಿನಲ್ಲಿ ಗಾಳಿತೊಟ್ಟಿಯಿದ್ದರೆ ಅದರ ತಳದ ನೀರನ್ನು ಆಗಾಗ ಬಸಿಯಬೇಕು.

ಕೊನೆಯ ನಿಯಮ ಗಾಡಿಯ ಆಯುಸ್ಸಿನದಲ್ಲ, ಮನುಷ್ಯನ ಆಯುಸ್ಸಿನದು. ಗಾಳಿಚೀಲವನ್ನು ನಂಬಿ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಕವಾಟ ತೆರೆದರೆ, ಚೀಲ ಒಡೆದರೆ, ಇಡೀ ಮೈಯೇ ಕ್ಷಣಮಾತ್ರದಲ್ಲಿ ಕೆಳಗಿಳಿಯುತ್ತದೆ. ಜಾಕ್ ಹಾಕುವ ಮುನ್ನ ಎತ್ತರವನ್ನು ತಾನಾಗಿ ಸರಿಪಡಿಸುವ ಏರ್ಪಾಡನ್ನು ಕೈಪಿಡಿಯಲ್ಲಿ ಹೇಳಿದಂತೆ ನಿಲ್ಲಿಸಬೇಕು. ಕೆಳಗೆ ಕೆಲಸ ಮಾಡುವುದಿದ್ದರೆ ಗಾಡಿಯ ಚೌಕಟ್ಟಿಗೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳ ಆಸರೆ ಕೊಡಲೇಬೇಕು.

ಗಾಳಿ ದಣಿಯುವ ವಸ್ತುವಲ್ಲ; ಎಷ್ಟು ಸಲ ಕುಗ್ಗಿ ಹಿಗ್ಗಿದರೂ ಅದು ಸವೆಯುವುದಿಲ್ಲ. ಸವೆಯುವುದು ಅದನ್ನು ಹಿಡಿದಿಡುವ ರಬ್ಬರು, ಅದನ್ನು ಒತ್ತುವ ಯಂತ್ರ. ಒಮ್ಮೆ ಒತ್ತಿದ ಗಾಳಿಯನ್ನು ಒಣದಾಗಿ, ಸೋರದಂತೆ ಕಾಪಾಡಿಕೊಂಡರೆ ಗಾಳಿಯ ಗಾಡಿಯೂ ಬಹುಕಾಲ ಬಾಳುತ್ತದೆ. ಬಸ್ಸುಗಳು ಇದನ್ನು ತೋರಿಸಿಕೊಟ್ಟಿವೆ.